ಸಹಿ ಯಾರದು, ಗುಳಿಗೆ ಯಾರಿಗೆ?

ಎರಡು ವರ್ಷದ ಹಿಂದಿನ ಮಾತು. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ರಾತ್ರಿ ಮೆಸೇಜ್ ಬಂತು. "ಬೆಂಗಳೂರಲ್ಲಿ ಹೊಸ ಕ್ಯಾನ್ಸರ್ ಮಾತ್ರೆ ಬಂದಿದೆ. ಇಂಜೆಕ್ಷನ್ ಇಲ್ಲ, ಡ್ರಿಪ್ ಇಲ್ಲ. ಟ್ರಯಲ್ ಆಗಿರೋದ್ರಿಂದ ಎಲ್ಲಾ ಫ್ರೀ. ಅಪ್ಪನ್ನ ಸೇರಿಸ್ತಿದ್ದೀನಿ." ಕಳಿಸಿದವನು ನನ್ನ ಸೋದರಮಾವನ ಮಗ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಐದೇ ನಿಮಿಷದಲ್ಲಿ ಹದಿನೇಳು ಜನ ಕೈಮುಗಿದರು. ಅಮ್ಮ ಹರಿಹರೇಶ್ವರನ ಫೋಟೋ ಹಾಕಿದಳು. ನಾನೂ ಒಂದು ಹಾರ್ಟ್ ಒತ್ತಿ ಮಲಗಿದೆ.

ಆ ಗ್ರೂಪಿನಲ್ಲಿ ಇಲ್ಲದೆ ಇದ್ದವನು ಒಬ್ಬನೇ. ಮಾವ.

ಮಾವನದು ಹರಿಹರ. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮಷಿನ್ ಜೋಡಿಸುವ ಕೆಲಸ ಮಾಡಿದವನು. ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಊರಲ್ಲೇ ಒಂದು ಸಣ್ಣ ಶೆಡ್ ಇಟ್ಟುಕೊಂಡು ಬದುಕಿದ. ಎಲೆಅಡಿಕೆ ಜತೆ ಹೊಗೆಸೊಪ್ಪು ಹಾಕುವ ಚಟ ಹದಿನೆಂಟನೇ ವಯಸ್ಸಿನದು. ಅರವತ್ತಾರಕ್ಕೆ ಬಾಯಿ ಕ್ಯಾನ್ಸರ್. ದಾವಣಗೆರೆಯಲ್ಲಿ ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು, ಡ್ರಿಪ್ ಹಾಕಿ ಕೀಮೋ ಆಯ್ತು. ಹತ್ತು ತಿಂಗಳಲ್ಲಿ ಕುತ್ತಿಗೆಯಲ್ಲಿ ಮತ್ತೆ ಗಂಟು. ಇಷ್ಟೆಲ್ಲ ಆದರೂ ನಮ್ಮ ಮನೆಯಲ್ಲಿ ಅದಕ್ಕೆ ಇದ್ದ ಹೆಸರು "ಬಾಯಿಹುಣ್ಣು" ಅಂತಲೇ. ಡಾಕ್ಟರ ರೂಮಿಗೆ ಮೊದಲು ನಾವು ಹೋಗಿ "ಸಾರ್, ಅವರ ಮುಂದೆ ಆ ಪದ ಹೇಳ್ಬೇಡಿ" ಅಂತ ಬೇಡಿಕೊಂಡು ಬರುವುದು, ಆಮೇಲೆ ಮಾವನನ್ನು ಒಳಗೆ ಕಳಿಸುವುದು. ಈ ನಾಟಕ ನಿಮಗೂ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ನಿಮ್ಮ ಅದೃಷ್ಟ.

ಮುಂದೆ ಆದದ್ದು ಇಷ್ಟು. ಟ್ರಯಲ್ ನಡೆಸುತ್ತಿದ್ದ ಕಡೆ ಇಪ್ಪತ್ತು ಚಿಲ್ಲರೆ ಪುಟದ ಒಂದು ಒಪ್ಪಿಗೆ ಪತ್ರ ಕೊಟ್ಟರು. ಮಾವನ ಮಗ ಪೆನ್ನು ತೆಗೆದು "ಎಲ್ಲಿ ಸೈನ್ ಮಾಡ್ಬೇಕು ಮೇಡಂ?" ಅಂದ. ಅಲ್ಲಿದ್ದ ಡಾಕ್ಟರಮ್ಮ, ಪುಣ್ಯಾತ್ಗಿತ್ತಿ, ಪೆನ್ನಿನ ಮೇಲೆ ಕೈ ಇಟ್ಟು ಕೇಳಿದರು: "ನೀವಲ್ಲ. ಅವರು ಮಾಡ್ಬೇಕು. ಅವರಿಗೆ ಏನಾಗಿದೆ ಅಂತ ಅವರಿಗೆ ಗೊತ್ತಾ?"

ನಾವು ನಾಲ್ಕು ಜನ ಇದ್ದೆವು. ಎಲ್ಲರಿಗೂ ಡಿಗ್ರಿ ಇದೆ. ಒಬ್ಬರೂ ಬಾಯಿ ಬಿಡಲಿಲ್ಲ.

ಈ ಲೇಖನ ಆ ಮೌನದ ವಿರುದ್ಧ. ಔಷಧ ಕಂಪನಿಗಳ ವಿರುದ್ಧ ಬರೆಯುವುದು ಸುಲಭ. ಅದನ್ನೂ ಮಾಡುತ್ತೇನೆ, ಸ್ವಲ್ಪ ತಡೆಯಿರಿ. ಆದರೆ ಮೊದಲ ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾದವರು ನಾವು. ಸಂಬಳ ಬರುವ, ಗೂಗಲ್ ಮಾಡಲು ಬರುವ, ಅಪ್ಪ ಅಮ್ಮನ ಪರವಾಗಿ ಸಹಿ ಹಾಕುವ ನಾವು.

*

ಮೊದಲು, ನಾವು ಹಾರ್ಟ್ ಒತ್ತಿದ್ದು ಯಾತಕ್ಕೆ ಅಂತ ನೋಡೋಣ.

ಹೊಸ ಔಷಧವನ್ನು ಮನುಷ್ಯರಿಗೆ ಮೊದಲ ಸಲ ಕೊಡುವ ಹಂತಕ್ಕೆ ಫೇಸ್ 1 ಅನ್ನುತ್ತಾರೆ. ಬಿಪಿ ಗುಳಿಗೆಯೋ ಶುಗರ್ ಗುಳಿಗೆಯೋ ಆದರೆ ಸಾಮಾನ್ಯವಾಗಿ ಆರೋಗ್ಯವಂತರಿಗೆ ಕೊಟ್ಟು ನೋಡುತ್ತಾರೆ. ಕೀಮೋ ಔಷಧ ಜೀವಕೋಶಗಳನ್ನು ಕೊಲ್ಲುವಂಥದ್ದು. ಗಟ್ಟಿಮುಟ್ಟಾದವರಿಗೆ ಕೊಡುವ ಹಾಗಿಲ್ಲ. ಹಾಗಾಗಿ ಬೇರೆ ದಾರಿ ಮುಗಿದ ಕ್ಯಾನ್ಸರ್ ರೋಗಿಗಳಿಗೇ ಕೊಡುತ್ತಾರೆ. ಪ್ರಶ್ನೆ "ಇದರಿಂದ ಗುಣ ಆಗುತ್ತಾ?" ಅಂತ ಅಲ್ಲ. "ಎಷ್ಟು ಕೊಟ್ಟರೆ ಮೈ ತಡೆಯುತ್ತದೆ?" ಅನ್ನುವುದು ಪ್ರಶ್ನೆ.

ಹಳೆಯ, ಇವತ್ತಿಗೂ ಬಳಕೆಯಲ್ಲಿರುವ ಲೆಕ್ಕ ಹೀಗಿದೆ. ಪ್ರಾಣಿಗಳಲ್ಲಿ ವಿಷವಾದ ಪ್ರಮಾಣದ ಒಂದು ಸಣ್ಣ ಪಾಲಿನಿಂದ ಶುರು. ಮೂರು ಜನಕ್ಕೆ ಆ ಡೋಸ್. ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ ಅಂದರೆ ಮುಂದಿನ ಮೂರು ಜನಕ್ಕೆ ಒಂದು ಮೆಟ್ಟಿಲು ಮೇಲಿನ ಡೋಸ್. ಮೂವರಲ್ಲಿ ಒಬ್ಬರಿಗೆ ತೊಂದರೆ ಆದರೆ ಅದೇ ಡೋಸನ್ನು ಇನ್ನೂ ಮೂರು ಜನಕ್ಕೆ. ಇಬ್ಬರಿಗಾದರೆ ನಿಲ್ಲಿಸು, ಒಂದು ಮೆಟ್ಟಿಲು ಕೆಳಗಿಳಿ. ಅಂದರೆ ಮೊದಲು ಸೇರಿದವರಿಗೆ ಏನೂ ಕೆಲಸ ಮಾಡದಷ್ಟು ಕಡಿಮೆ ಔಷಧ ಸಿಗಬಹುದು, ಕೊನೆಗೆ ಸೇರಿದವರಿಗೆ ತಡೆಯಲಾರದಷ್ಟು ಹೆಚ್ಚು ಸಿಗಬಹುದು. ಯಾವ ಮೆಟ್ಟಿಲಿಗೆ ನಿಮ್ಮ ಅಪ್ಪ ಅನ್ನುವುದು ಅವರು ಯಾವ ತಿಂಗಳು ಸೇರಿದರು ಅನ್ನುವುದರ ಮೇಲೆ.

ಅಂಕಿ ಬೇಕಾ? 1991ರಿಂದ 2002ರವರೆಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ ನಡೆದ 460 ಫೇಸ್ 1 ಪ್ರಯೋಗಗಳನ್ನು, ಸುಮಾರು 12 ಸಾವಿರ ರೋಗಿಗಳನ್ನು, ಒಟ್ಟಿಗೆ ಇಟ್ಟು ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ನೂರಕ್ಕೆ 10.6 ಜನರಲ್ಲಿ. ಔಷಧದ ವಿಷದಿಂದಲೇ ಸತ್ತವರು ನೂರಕ್ಕೆ 0.49. ಒಂದೇ ಒಂದು ಹೊಸ ಕೀಮೋ ಔಷಧವನ್ನು ಮಾತ್ರ ಕೊಟ್ಟ ಪ್ರಯೋಗಗಳನ್ನು ಬೇರೆ ಮಾಡಿದರೆ ಕುಗ್ಗಿದ ಪ್ರಮಾಣ ನೂರಕ್ಕೆ 4.4 ಅಷ್ಟೇ. ಗಡ್ಡೆ ಕುಗ್ಗುವುದು ಬೇರೆ, ಗುಣವಾಗುವುದು ಬೇರೆ, ಇದನ್ನೂ ನೆನಪಿಡಿ.

"ಹಂಗಾದ್ರೆ ಗ್ಲೀವೆಕ್?" ಅಂತ ಓದಿಕೊಂಡವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಇಮಾಟಿನಿಬ್ ಅನ್ನುವ ಆ ಗುಳಿಗೆಯ ಫೇಸ್ 1 ಶುರುವಾದದ್ದು 1998ರಲ್ಲಿ. ಒಂದು ಬಗೆಯ ರಕ್ತಕ್ಯಾನ್ಸರ್ ಇದ್ದವರಲ್ಲಿ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡ 54 ಜನರ ಪೈಕಿ 53 ಜನರ ರಕ್ತದ ಎಣಿಕೆ ಸಹಜ ಸ್ಥಿತಿಗೆ ಬಂತು. 2001ರ ಮೇ ತಿಂಗಳಿಗೆ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನೊವಾರ್ಟಿಸ್‌ಗೆ ಪೇಟೆಂಟ್ ಇಲ್ಲ ಅಂದದ್ದು ಇದೇ ಔಷಧದ ಕೇಸಿನಲ್ಲಿ. ಆದರೆ ಇಮಾಟಿನಿಬ್ ಅಪವಾದ. ಒಂದು ನಿರ್ದಿಷ್ಟ ಜೀನ್ ದೋಷದಿಂದ ಬರುವ ಕಾಯಿಲೆಗೆ ಆ ದೋಷವನ್ನೇ ಗುರಿಯಿಟ್ಟು ಮಾಡಿದ ಗುಳಿಗೆ ಅದು. ಲಾಟರಿ ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ, ಟಿಕೆಟ್ ಹರಿದು ಎಸೆದವರದ್ದು ಬರುವುದಿಲ್ಲ. ನಮ್ಮ ವಾಟ್ಸಾಪ್ ಗ್ರೂಪುಗಳೂ ಅದೇ ಪೇಪರ್.

ನಾನು ಹೇಳುತ್ತಿರುವುದು ಫೇಸ್ 1 ಮೋಸ ಅಂತ ಅಲ್ಲ. ಅದು ಚಿಕಿತ್ಸೆ ಅಲ್ಲ, ದಾನ. ಮುಂದೆ ಬರುವ ಯಾರಿಗೋ ಸರಿಯಾದ ಡೋಸ್ ಸಿಗಲಿ ಅಂತ ಇವತ್ತಿನ ರೋಗಿ ಕೊಡುವ ದಾನ. ಅದರ ಜತೆ ತನಗೂ ಏನಾದರೂ ಒಳ್ಳೆಯದಾದರೆ ಆಗಲಿ ಅನ್ನುವ ಒಂದು ಸಣ್ಣ ಆಸೆ. ಎರಡೂ ಮರ್ಯಾದೆಯ ವಿಷಯವೇ. ಆದರೆ ದಾನ ಕೊಡುವವನಿಗೆ ತಾನು ದಾನ ಕೊಡುತ್ತಿದ್ದೇನೆ ಅಂತ ಗೊತ್ತಿರಬೇಕಲ್ಲ? ಗೊತ್ತಿಲ್ಲದೆ ಜೇಬಿನಿಂದ ಹೋದದ್ದಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ.

*

ಎರಡನೇ ಭ್ರಮೆ: ಗುಳಿಗೆ ಅಂದರೆ ಸೌಮ್ಯ.

"ಡ್ರಿಪ್ ಇಲ್ಲ, ಬರೀ ಮಾತ್ರೆ" ಅಂದ ತಕ್ಷಣ ನಮಗೆ ನೆಮ್ಮದಿ. ಕ್ರೋಸಿನ್ ಥರ, ಅಲ್ವಾ? ಸ್ವಲ್ಪ ಯೋಚಿಸಿ. ಡ್ರಿಪ್ ಹಾಕುವಾಗ ಪಕ್ಕದಲ್ಲಿ ನರ್ಸ್ ಇರುತ್ತಾರೆ, ರಕ್ತದ ಎಣಿಕೆ ನೋಡಿಯೇ ಶುರು ಮಾಡುತ್ತಾರೆ, ಮೈ ತಣ್ಣಗಾದರೆ ನಿಲ್ಲಿಸುತ್ತಾರೆ. ಗುಳಿಗೆ ಕೊಟ್ಟು ಮನೆಗೆ ಕಳಿಸಿದರೆ ಹರಿಹರದ ಮನೆಯ ನಡುಮನೆಯೇ ವಾರ್ಡು. ಅತ್ತೆಯೇ ನರ್ಸು. ಆಕೆ ಓದಿದ್ದು ಆರನೇ ಕ್ಲಾಸು.

ನಮ್ಮಲ್ಲಿ ತುಂಬ ಬಳಕೆಯಲ್ಲಿರುವ ಕೇಪ್‌ಸಿಟಬೀನ್ ತಗೊಳ್ಳಿ. ಗುಳಿಗೆಯೇ. ಹೊಟ್ಟೆಗೆ ಹೋದ ಮೇಲೆ ದೇಹದಲ್ಲಿ ಅದು ಫೈವ್ ಎಫ್‌ಯು ಆಗುತ್ತದೆ, ಅಂದರೆ ಡ್ರಿಪ್‌ನಲ್ಲಿ ಹಾಕುವ ಅದೇ ಹಳೇ ಕೀಮೋ. ಅಂಗೈ ಅಂಗಾಲು ಕೆಂಪಾಗಿ ಸುಲಿಯಬಹುದು, ಭೇದಿ ಹತ್ತಿದರೆ ನಿಲ್ಲದೆ ಹೋಗಬಹುದು. ಆಗ ಮಾಡಬೇಕಾದ ಮೊದಲ ಕೆಲಸ ಗುಳಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡುವುದು. "ದುಬಾರಿ ಗುಳಿಗೆ, ಬಿಡಬಾರದು" ಅಂತ ನುಂಗುತ್ತಲೇ ಹೋಗುವ ನಮ್ಮ ಹಿರಿಯರಿಗೆ ಇದು ಗೊತ್ತಾ? ಮೆಥೋಟ್ರೆಕ್ಸೇಟ್ ಅನ್ನುವ ಇನ್ನೊಂದು ಗುಳಿಗೆ ಇದೆ. ವಾರಕ್ಕೊಮ್ಮೆ ತಗೊಳ್ಳಬೇಕಾದ ಕಡೆ ದಿನಾ ತಗೊಂಡು ಸತ್ತವರು ಪ್ರಪಂಚದ ಎಲ್ಲಾ ಕಡೆ ಇದ್ದಾರೆ. ಚೀಟಿಯಲ್ಲಿ ಒಂದು ಪದ ತಪ್ಪಿ ಓದಿದರೆ ಸಾಕು.

ಇನ್ನು ಊಟದ ವಿಷಯ. ಬಾಯಿಂದ ತಗೊಳ್ಳುವ ಔಷಧದ ಮೊದಲ ಹಂತದ ಪರೀಕ್ಷೆಗಳಲ್ಲಿ ಒಂದು ಮುಖ್ಯ ಪ್ರಶ್ನೆ: ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಎಷ್ಟು ರಕ್ತಕ್ಕೆ ಸೇರುತ್ತದೆ, ಜಿಡ್ಡಿನ ಊಟದ ಜತೆ ತಗೊಂಡರೆ ಎಷ್ಟು? ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಅಬಿರಾಟೆರಾನ್ ಗುಳಿಗೆಯನ್ನು ಕೊಬ್ಬು ಹೆಚ್ಚಿರುವ ಊಟದ ಜತೆ ತಗೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಹತ್ತು ಪಟ್ಟಿನ ತನಕ ಏರುತ್ತದೆ. ಹತ್ತು ಪಟ್ಟು! ಈ ಪರೀಕ್ಷೆಗೆ ಅಮೆರಿಕದ ಎಫ್‌ಡಿಎ ಉದಾಹರಣೆಯಾಗಿ ಕೊಟ್ಟ ಜಿಡ್ಡಿನ ತಿಂಡಿ ಏನು ಗೊತ್ತಾ? ಬೆಣ್ಣೆಯಲ್ಲಿ ಕರಿದ ಎರಡು ಮೊಟ್ಟೆ, ಎರಡು ಪಟ್ಟಿ ಬೇಕನ್, ಬೆಣ್ಣೆ ಹಚ್ಚಿದ ಎರಡು ಟೋಸ್ಟ್, ಆಲೂಗಡ್ಡೆ ಫ್ರೈ, ಒಂದು ಲೋಟ ಹಾಲು. ಹರಿಹರದಲ್ಲಿ ಯಾರ ಮನೆಯಲ್ಲಿ ಬೆಳಿಗ್ಗೆ ಹಂದಿಮಾಂಸ ಕರಿಯುತ್ತಾರೆ ಸ್ವಾಮಿ? ನಮ್ಮಲ್ಲಿ ತಿನ್ನುವುದು ರೊಟ್ಟಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾವಣಗೆರೆಗೆ ಆಸ್ಪತ್ರೆಗೆ ಹೋದ ದಿನ ಎರಡು ಬೆಣ್ಣೆದೋಸೆ ಬಿಡುವ ಪೈಕಿ ಅಲ್ಲ ನಮ್ಮ ಜನ. "ಜಿಡ್ಡಿನ ಪದಾರ್ಥ ಸೇವಿಸಬಾರದು" ಅಂತ ಫಾರ್ಮಿನಲ್ಲಿ ಬರೆದರೆ ಮಾವ ಅರ್ಥ ಮಾಡಿಕೊಳ್ಳುವುದು "ಎಣ್ಣೆ ಕಡಿಮೆ ಹಾಕು" ಅಂತ. "ಗುಳಿಗೆ ತಗೊಂಡ ದಿನ ಬೆಣ್ಣೆದೋಸೆ ತಿಂದರೆ ವಿಷ ಆಗಬಹುದು" ಅಂತ ಬರೆದರೆ ಮಾತ್ರ ಅದು ಕನ್ನಡ.

ಎಲ್ಲಕ್ಕಿಂತ ನನ್ನನ್ನು ಕಾಡುವ ಕತೆ ಜಪಾನಿನದು. 1993ರಲ್ಲಿ ಅಲ್ಲಿ ಸೊರಿವುಡಿನ್ ಅನ್ನುವ ಸರ್ಪಸುತ್ತಿನ ಗುಳಿಗೆ ಮಾರುಕಟ್ಟೆಗೆ ಬಂತು. ಕೆಲವೇ ವಾರಗಳಲ್ಲಿ 15 ಜನ ಸತ್ತರು. ಅವರೆಲ್ಲ ಕ್ಯಾನ್ಸರಿಗೆ ಫೈವ್ ಎಫ್‌ಯು ಜಾತಿಯ ಗುಳಿಗೆ ನುಂಗುತ್ತಿದ್ದವರು. ದೇಹದಲ್ಲಿ ಫೈವ್ ಎಫ್‌ಯುವನ್ನು ಒಡೆದು ಹೊರಹಾಕುವ ಕಿಣ್ವವನ್ನೇ ಸರ್ಪಸುತ್ತಿನ ಗುಳಿಗೆ ಕಟ್ಟಿಹಾಕಿತು. ಕೀಮೋ ಮೈಯಲ್ಲೇ ಉಳಿದು ವಿಷವಾಯಿತು. ಔಷಧದ ಪ್ರಯೋಗದ ಹಂತದಲ್ಲೇ ಮೂವರು ಹೀಗೆ ಸತ್ತಿದ್ದರು ಅನ್ನುವುದು ಆಮೇಲೆ ಹೊರಗೆ ಬಂತು. ಆಗಿನ ಜಪಾನಿನಲ್ಲಿ ರೋಗಿಗೆ "ನಿನಗೆ ಕ್ಯಾನ್ಸರ್" ಅಂತ ಹೇಳದೇ ಇರುವುದು ರೂಢಿ. ತನಗೆ ಕ್ಯಾನ್ಸರ್ ಇದೆ ಅಂತಲೇ ಗೊತ್ತಿಲ್ಲದ ಮನುಷ್ಯ ಚರ್ಮದ ಡಾಕ್ಟರ ಹತ್ತಿರ ಹೋದರೆ "ನಾನು ಕೀಮೋ ಗುಳಿಗೆ ತಗೊಳ್ತಿದ್ದೀನಿ" ಅಂತ ಹೇಗೆ ಹೇಳುತ್ತಾನೆ?

ಈಗ ಹರಿಹರಕ್ಕೆ ಬನ್ನಿ. "ಬಾಯಿಹುಣ್ಣಿಗೆ" ಗುಳಿಗೆ ತಗೊಳ್ಳುತ್ತಿರುವ ಮಾವ ಮೈ ನೋವು ಅಂತ ಮೂಲೆಯ ಮೆಡಿಕಲ್ ಶಾಪಿಗೆ ಹೋಗಿ "ಏನಾರ ಕೊಡಪ್ಪಾ" ಅನ್ನುತ್ತಾನೆ. ಹುಡುಗ ಮೂರು ಬಣ್ಣದ ಗುಳಿಗೆ ಕವರಿಗೆ ಹಾಕಿ ಕೊಡುತ್ತಾನೆ. ಮುಚ್ಚಿಡುವುದು ಪ್ರೀತಿ ಅಂತ ನಾವು ಅಂದುಕೊಂಡಿದ್ದೇವೆ. ಗುಳಿಗೆ ಕೀಮೋ ವಿಷಯದಲ್ಲಿ ಮುಚ್ಚಿಡುವುದು ಕೊಲ್ಲಬಹುದು.

*

ಕಾನೂನು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. 2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ, ಬುದ್ಧಿ ನೆಟ್ಟಗಿರುವ ವಯಸ್ಕನ ಒಪ್ಪಿಗೆಯನ್ನು ಅವನೇ ಕೊಡಬೇಕು. ಒಪ್ಪಿಗೆ ಕೊಡಲು ಆಗದ ಸ್ಥಿತಿಯಲ್ಲಿದ್ದರೆ ಮಾತ್ರ ಇನ್ನೊಬ್ಬರು. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧಿಸದ ಒಬ್ಬ ಸಾಕ್ಷಿ ಕೂತಿರಬೇಕು. ದುರ್ಬಲ ಸ್ಥಿತಿಯ ರೋಗಿಗಳ ಮೇಲೆ ಹೊಚ್ಚಹೊಸ ರಾಸಾಯನಿಕ ಪ್ರಯೋಗಿಸುವುದಾದರೆ ವಿವರಿಸಿದ್ದು, ಅವರು ಅರ್ಥ ಮಾಡಿಕೊಂಡದ್ದು ಎಲ್ಲವನ್ನೂ ವಿಡಿಯೋ ಮಾಡಬೇಕು. ಫಾರ್ಮಿನ ಪ್ರತಿ ರೋಗಿಯ ಕೈಗೆ ಕೊಡಬೇಕು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಮಗ ಇಂಜಿನಿಯರ್ ಆದರೆ ಅವನು ಸಹಿ ಹಾಕಬಹುದು ಅಂತ ಎಲ್ಲೂ ಇಲ್ಲ.

"ಹೇಳಿದ್ರೆ ಅವರು ಕುಸಿದುಬಿಡ್ತಾರೆ" ಅನ್ನುವ ವಾದ ನಾವೂ ಮಾಡಿದೆವು. ಡಾಕ್ಟರಮ್ಮ ಜಗ್ಗಲಿಲ್ಲ. ಕೊನೆಗೆ ಆ ಕೆಲಸ ನನ್ನ ತಲೆಗೆ ಬಂತು. ಹರಿಹರಕ್ಕೆ ಹೋಗಿ ಮಾವನ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಸುತ್ತಿ ಬಳಸಿ ಶುರು ಮಾಡಿದೆ. ಮಾವ ಅರ್ಧಕ್ಕೇ ತಡೆದ.

"ಕ್ಯಾನ್ಸರ್ ಅಂತ ಹೇಳೋಕೆ ಇಷ್ಟೊತ್ತೇನಲೇ ಅಳಿಯ? ರೇಡಿಯೇಷನ್ ಕೊಡೋ ಕಡೆ ಬೋರ್ಡ್ ಬರ್ದಿರ್ತಾರೆ, ನಾನೇನು ಓದೋದಿಲ್ವಾ? ನಿಮ್ಮತ್ತೆ ಅಳ್ತಾಳೆ ಅಂತ ನಾನು ಸುಮ್ನಿದ್ದೆ."

ಒಂದೂವರೆ ವರ್ಷ ನಾವು ಅವನಿಂದ ಮುಚ್ಚಿಟ್ಟೆವು, ಅವನು ನಮ್ಮಿಂದ ಮುಚ್ಚಿಟ್ಟ. ಒಂದೇ ಮನೆಯಲ್ಲಿ ಎಲ್ಲರೂ ಒಂಟಿ.

ಫೇಸ್ 1 ಅಂದರೆ ಏನು ಅಂತ ವಿವರಿಸಿದೆ. ಅವನಿಗೆ ನನಗಿಂತ ಬೇಗ ಅರ್ಥವಾಯಿತು. "ಹೊಸ ಮಷಿನ್ ಜೋಡಿಸಿದ ಮೇಲೆ ಟ್ರಯಲ್‌ಗೆ ಒಂದು ಜಾಬ್ ಕಟ್ತಿದ್ವಿ. ಸ್ಪೀಡ್ ಒಂದೊಂದೇ ಏರಿಸ್ತಾ ಹೋಗೋದು. ಜಾಬ್ ಕೆಟ್ರೆ ಸ್ಕ್ರಾಪಿಗೆ. ಮಷಿನ್ ಮಾತ್ರ ಕಲೀತದೆ. ಈಗ ನಾನು ಆ ಜಾಬು, ಅಷ್ಟೇ ಅಲ್ಲೇನು?" ಅಂದ. ನಾನು ಹೌದು ಅಂದೆ. "ಇರ್ಲಿ ಬಿಡು. ಯಾರಾದ್ರೂ ಆಗ್ಲೇಬೇಕಲ್ಲ" ಅಂದ.

ಆಮೇಲೆ ಮೂರು ಪ್ರಶ್ನೆ ಕೇಳಿದ. ನನ್ನದು ಎಷ್ಟನೇ ಸ್ಪೀಡು? ರಾತ್ರಿ ಎರಡು ಗಂಟೆಗೆ ವಾಂತಿ ಭೇದಿ ಆದರೆ ಹರಿಹರದಲ್ಲಿ ಯಾರ ಹತ್ತಿರ ಹೋಗಲಿ? ನಾನು ಸತ್ತರೆ ನಿಮ್ಮತ್ತೆಗೆ ಏನು?

ಮೊದಲನೆಯದಕ್ಕೆ ಬೆಂಗಳೂರಿನವರು ಉತ್ತರ ಕೊಟ್ಟರು, ನಾಲ್ಕನೇ ಮೆಟ್ಟಿಲು ಅಂತ. ಎರಡನೆಯದಕ್ಕೆ ಕೊಟ್ಟ ಉತ್ತರ: ಒಂದು ಮೊಬೈಲ್ ನಂಬರ್, ಮತ್ತು "ಕೂಡಲೇ ಇಲ್ಲಿಗೆ ಕರ್ಕೊಂಡು ಬನ್ನಿ." ಹರಿಹರದಿಂದ ಬೆಂಗಳೂರಿಗೆ ಸುಮಾರು 275 ಕಿಲೋಮೀಟರ್. ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತಪರೀಕ್ಷೆಗೂ ಅಲ್ಲಿಗೇ ಬರಬೇಕು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು ಇವೆ. ಜೆಜೆಎಂ 1965ರಿಂದ ಡಾಕ್ಟರುಗಳನ್ನು ತಯಾರು ಮಾಡುತ್ತಿದೆ. ಎರಡು ಡೆಂಟಲ್ ಕಾಲೇಜು, ದೊಡ್ಡ ಜಿಲ್ಲಾಸ್ಪತ್ರೆ, ಬೀದಿಗೊಂದು ಲ್ಯಾಬು. ಒಂದು ಸಿಬಿಸಿ ಮಾಡಿ ರಿಪೋರ್ಟ್ ಕಳಿಸಲು, ಒಂದು ಬಾಟಲಿ ಗ್ಲುಕೋಸ್ ಏರಿಸಲು ಇಲ್ಲಿ ಯಾರನ್ನೂ ಆ ಪ್ರಯೋಗದವರು ಗೊತ್ತು ಮಾಡಿರಲಿಲ್ಲ. ಇಲ್ಲಿನ ಡಾಕ್ಟರಿಗೆ ಒಂದು ಕಾಗದವನ್ನೂ ಬರೆದಿರಲಿಲ್ಲ.

ಮೂರನೆಯದರ ಉತ್ತರ ನಾನೇ ಹುಡುಕಿದೆ, ಅದೇ 2019ರ ನಿಯಮಗಳಲ್ಲಿ. ಪ್ರಯೋಗದ ಕಾರಣಕ್ಕೇ ಸಾವು ಸಂಭವಿಸಿದೆ ಅಂತ ತೀರ್ಮಾನವಾದರೆ ಪರಿಹಾರಕ್ಕೆ ಒಂದು ಸೂತ್ರ ಇದೆ. ಮೂಲ ಮೊತ್ತ 8 ಲಕ್ಷ. ಅದನ್ನು ವಯಸ್ಸಿನ ಅಂಕದಿಂದಲೂ ಕಾಯಿಲೆಯ ಅಂಕದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. 65 ದಾಟಿದವರ ವಯಸ್ಸಿನ ಅಂಕ 99.37. ಆರೋಗ್ಯವಂತನ ಅಂಕ 4. ಆರು ತಿಂಗಳಿಗಿಂತ ಹೆಚ್ಚು ಬದುಕಲಾರ ಅನ್ನುವವನ ಅಂಕ 0.5. ಲೆಕ್ಕ ಹಾಕಿ. 66ರ ಗಟ್ಟಿ ಮುದುಕ ಹೊಸ ಗುಳಿಗೆ ನುಂಗಿ ಸತ್ತರೆ 32 ಲಕ್ಷ. ಅದೇ ವಯಸ್ಸಿನ ನನ್ನ ಮಾವ ಸತ್ತರೆ 4 ಲಕ್ಷ. ಅದರ ಹಿಂದಿನ ತರ್ಕ ನನಗೆ ಗೊತ್ತು: ಇವನು ಹೇಗೂ ಹೋಗುವವನಿದ್ದ. ಆದರೆ ಫೇಸ್ 1 ಕೀಮೋಗೆ ಗಟ್ಟಿಮುಟ್ಟಾದವರನ್ನು ತಗೊಳ್ಳುವುದೇ ಇಲ್ಲವಲ್ಲ? ಸಾಯುವವರನ್ನೇ ಆರಿಸಿಕೊಂಡು, ಅವರು ಸಾಯುವವರು ಅನ್ನುವ ಕಾರಣಕ್ಕೇ ದರ ಇಳಿಸಿದರೆ ಅದಕ್ಕೆ ರಿಯಾಯಿತಿ ಮಾರಾಟ ಅನ್ನಬೇಕಾಗುತ್ತದೆ. ಕಡೆಯ ಆರು ತಿಂಗಳು ಅಂದರೆ ಅರ್ಧ ಬೆಲೆಯ ಆರು ತಿಂಗಳಲ್ಲ. ಮಾವನ ಲೆಕ್ಕದಲ್ಲಿ ಅದರಲ್ಲಿ ಮಗಳ ಸೀಮಂತವಿತ್ತು.

*

ಈಗ ಇನ್ನೊಂದು ಕಡೆಯವರ ಸರದಿ. "ನಮ್ಮ ಬಡವರನ್ನ ಗಿನಿಪಿಗ್ ಮಾಡ್ತಿದ್ದಾರೆ, ಎಲ್ಲಾ ಟ್ರಯಲ್ ನಿಲ್ಲಿಸಿ" ಅನ್ನುವವರು.

ಅವರ ಸಿಟ್ಟಿಗೆ ಕಾರಣ ಇಲ್ಲದೆ ಇಲ್ಲ. 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರ್ ಇದ್ದ ಇಪ್ಪತ್ತಕ್ಕೂ ಹೆಚ್ಚು ಜನರ ಗಡ್ಡೆಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ಹೊಸ ರಾಸಾಯನಿಕವನ್ನು ಚುಚ್ಚಲಾಯಿತು. ಒಳಗಿನ ವೈದ್ಯರೊಬ್ಬರು ದನಿ ಎತ್ತಿದ ಮೇಲೆ ತನಿಖೆಯಾಗಿ, ತಮ್ಮ ನೈತಿಕ ಸಮಿತಿಯ ಒಪ್ಪಿಗೆ ಇರಲಿಲ್ಲ ಅಂತ 2001ರಲ್ಲಿ ಆ ವಿಶ್ವವಿದ್ಯಾಲಯವೇ ಒಪ್ಪಿಕೊಂಡಿತು. ಖಮ್ಮಂ ಮತ್ತು ವಡೋದರದ ಎಚ್‌ಪಿವಿ ಲಸಿಕೆ ಅಧ್ಯಯನದಲ್ಲಿ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದನ್ನು ಸಂಸತ್ತಿನ ಸಮಿತಿ 2013ರಲ್ಲಿ ಖಂಡಿಸಿತು. ಸ್ವಾಸ್ಥ್ಯ ಅಧಿಕಾರ್ ಮಂಚ್ ಹೂಡಿದ ಕೇಸಿನಲ್ಲಿ ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕ: 2005ರಿಂದ 2012ರ ಜೂನ್ ತನಕ 475 ಹೊಸ ಔಷಧಗಳ ಪ್ರಯೋಗದ ಅವಧಿಯಲ್ಲಿ 2,644 ಸಾವು, ಅದರಲ್ಲಿ ಪ್ರಯೋಗದ ಕಾರಣಕ್ಕೇ ಆದದ್ದು 80. ಟಿವಿಯವರು ಮೊದಲನೇ ಸಂಖ್ಯೆ ಹಿಡಿದು ಕೂಗಿದರು, ಕಂಪನಿಯವರು ಎರಡನೆಯದನ್ನು ಹಿಡಿದು ಕೂತರು. ಆ 80 ಸಾವು ಅಂತ ತೀರ್ಮಾನಿಸಿದ್ದು ಯಾರು, ಹೇಗೆ ಅಂತ ಕೇಳಿದವರು ಕಡಿಮೆ.

ಆದರೆ ಗಮನಿಸಿ. ಈ ಪ್ರಕರಣಗಳಲ್ಲಿ ತಪ್ಪು ಇದ್ದದ್ದು ಪ್ರಯೋಗ ಮಾಡಿದ್ದರಲ್ಲಿ ಅಲ್ಲ. ಹೇಳದೆ ಮಾಡಿದ್ದರಲ್ಲಿ, ಬೇರೆಯವರು ಸಹಿ ಹಾಕಿದ್ದರಲ್ಲಿ. ವಾರ್ಡನ್ ಸಹಿ ಹಾಕಿದ್ದಕ್ಕೆ ನಾವು ಹಲ್ಲು ಕಡಿಯುತ್ತೇವೆ, ನಾವು ಅಪ್ಪನ ಪರವಾಗಿ ಪೆನ್ನು ತೆಗೆಯುತ್ತೇವೆ. ವ್ಯತ್ಯಾಸ ಏನು?

ಪ್ರಯೋಗವೇ ಬೇಡ ಅನ್ನುವವರಿಗೆ ನನ್ನ ಉತ್ತರ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಅಮೆರಿಕದ ಕಂಪನಿಗೆ ಅದು ದೊಡ್ಡ ಮಾರುಕಟ್ಟೆ ಅಲ್ಲ. ಹಾಗಾಗಿ ನಮ್ಮ ಪ್ರಶ್ನೆ ನಾವೇ ಕೇಳಬೇಕು. ಟಾಟಾದವರು ಕೇಳಿದರು: ಹಳೆಯ, ಅಗ್ಗದ ಗುಳಿಗೆಗಳನ್ನೇ ಸಣ್ಣ ಪ್ರಮಾಣದಲ್ಲಿ ಬಿಡದೆ ಕೊಟ್ಟರೆ ಹೇಗೆ? ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ ನೋವಿನ ಗುಳಿಗೆಯಾದ ಸೆಲೆಕಾಕ್ಸಿಬ್. 422 ರೋಗಿಗಳಲ್ಲಿ ಇದನ್ನು ಡ್ರಿಪ್ಪಿನ ಸಿಸ್‌ಪ್ಲಾಟಿನ್ ಜತೆ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ಗುಳಿಗೆಯವರು ಬದುಕಿದ ಮಧ್ಯಮ ಅವಧಿ 7.5 ತಿಂಗಳು, ಡ್ರಿಪ್ಪಿನವರದು 6.1. ತೀವ್ರ ಅಡ್ಡಪರಿಣಾಮ ಗುಳಿಗೆಯಲ್ಲಿ ನೂರಕ್ಕೆ 19, ಡ್ರಿಪ್ಪಿನಲ್ಲಿ 30. ಅದಕ್ಕೆ ಎರ್ಲೋಟಿನಿಬ್ ಅನ್ನುವ ಮೂರನೇ ಗುಳಿಗೆ ಸೇರಿಸಿದ ಆರಂಭಿಕ ಹಂತದ ಪ್ರಯೋಗವೂ 2019ರಲ್ಲಿ ಪ್ರಕಟವಾಗಿದೆ. ಅಲ್ಲಿ ಅವರು ಹುಡುಕಿದ್ದು ಮೈ ತಡೆಯುವ ಗರಿಷ್ಠ ಡೋಸನ್ನಲ್ಲ, ಕೆಲಸ ಮಾಡುವಷ್ಟು ಡೋಸನ್ನು. ಅಮೆರಿಕದ ಎಫ್‌ಡಿಎ ಕೂಡ 2021ರಿಂದ ಪ್ರಾಜೆಕ್ಟ್ ಆಪ್ಟಿಮಸ್ ಅಂತ ಹೆಸರಿಟ್ಟು ಇದೇ ಮಾತು ಆಡುತ್ತಿದೆ. ಅದೇ ವರ್ಷ ಶ್ವಾಸಕೋಶದ ಕ್ಯಾನ್ಸರಿನ ಸೊಟೊರಾಸಿಬ್ ಗುಳಿಗೆಗೆ 960 ಮಿಲಿಗ್ರಾಂನಲ್ಲಿ ಒಪ್ಪಿಗೆ ಕೊಟ್ಟು, 240 ಸಾಕಾಗುತ್ತಾ ಅಂತ ಹೋಲಿಸಿ ನೋಡಿ ಅಂದಿತು.

ನಮ್ಮ ಕಾಯಿಲೆಗೆ, ನಮ್ಮ ಊಟಕ್ಕೆ, ನಮ್ಮ ಜೇಬಿಗೆ ಹೊಂದುವ ಔಷಧ ಬೇಕಾದರೆ ನಮ್ಮಲ್ಲೇ ಪರೀಕ್ಷೆ ಆಗಬೇಕು. ಇನ್ನೂ ಹೆಚ್ಚು ಆಗಬೇಕು. ದಾವಣಗೆರೆಯಲ್ಲೂ ಆಗಬೇಕು.

*

ಮಾವ ಏನು ಮಾಡಿದ? ಬೇಡ ಅಂದ. "ಗುಳಿಗೆಗೆ ಬೇಡ ಅಂತಿಲ್ಲ. ಆ ರೋಡಿಗೆ ಬೇಡ ಅಂತಿದ್ದೀನಿ. ವಾರ ವಾರ ಬಸ್ಸಲ್ಲಿ ಕೂತು ಸಾಯೋಕೆ ನಂಗಾಗಲ್ಲ" ಅಂದ. ದಾವಣಗೆರೆಯ ಡಾಕ್ಟರ ಹತ್ತಿರವೇ ಆ ಎರಡು ಹಳೇ ಗುಳಿಗೆ ಬರೆಸಿಕೊಂಡ. ಮೆಥೋಟ್ರೆಕ್ಸೇಟ್ ದಿನ ಸೋಮವಾರ ಅಂತ ಕ್ಯಾಲೆಂಡರಿನಲ್ಲಿ ತಾನೇ ಕೆಂಪು ಗೀಟು ಎಳೆದ. ಮೆಡಿಕಲ್ ಶಾಪಿನ ಹುಡುಗನಿಗೆ ಚೀಟಿ ತೋರಿಸಿ "ಇದರ ಜತೆ ನೋವಿನ ಗುಳಿಗೆ ಗಿಳಿಗೆ ಕೊಡಬ್ಯಾಡ" ಅಂತ ಹೇಳಿಟ್ಟ. ಎಂಟು ತಿಂಗಳು ಇದ್ದ. ಸೀಮಂತ ನೋಡಿದ. ಪ್ರಯೋಗಕ್ಕೆ ಸೇರಿದ್ದರೆ ಹೆಚ್ಚು ಬದುಕುತ್ತಿದ್ದನೋ ಕಡಿಮೆಯೋ ಯಾರೂ ಹೇಳಲಾರರು. ನನಗೆ ಸಮಾಧಾನ ಇರುವುದು ಒಂದಕ್ಕೇ: ಅದು ಅವನ ತೀರ್ಮಾನ.

ಆದರೆ ಆ ಪ್ರಯೋಗ ಒಬ್ಬ ಒಳ್ಳೆಯ ರೋಗಿಯನ್ನು ಕಳಕೊಂಡಿತು. ತಾನು ಏನು ಕೊಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿದ್ದು, ಕೊಡಲು ತಯಾರಿದ್ದವನನ್ನು. ಇದನ್ನು ಸರಿ ಮಾಡುವುದು ರಾಕೆಟ್ ಹಾರಿಸಿದಷ್ಟು ಕಷ್ಟ ಅಲ್ಲ. ರೋಗಿಯ ಊರಿಗೆ ಹತ್ತಿರದ ಒಂದು ಆಸ್ಪತ್ರೆಯನ್ನು ಮೊದಲೇ ಗೊತ್ತು ಮಾಡಿ, ಅಲ್ಲಿ ರಕ್ತಪರೀಕ್ಷೆ ಮತ್ತು ತುರ್ತು ಚಿಕಿತ್ಸೆಯ ಖರ್ಚನ್ನು ಪ್ರಾಯೋಜಕರು ಕೊಡಬೇಕು. ರಾತ್ರಿ ಎತ್ತುವ ಫೋನಿನ ಆ ಕಡೆ ಕನ್ನಡ ಬರುವವರು ಇರಬೇಕು. ಪರಿಹಾರದ ಸೂತ್ರದಲ್ಲಿ ಆ 0.5 ಹೋಗಬೇಕು. ನೈತಿಕ ಸಮಿತಿಗಳು ಒಪ್ಪಿಗೆ ಕೊಡುವ ಮೊದಲು ಈ ಪ್ರಶ್ನೆಗಳನ್ನು ಕೇಳಬೇಕು.

ಇದನ್ನು ಓದುವ ನಿಮ್ಮಲ್ಲಿ ಕೆಲವರು ಬೆಂಗಳೂರಿನ ಕ್ಲಿನಿಕಲ್ ರಿಸರ್ಚ್ ಕಂಪನಿಗಳಲ್ಲೇ ಇದ್ದೀರಿ. ಡೇಟಾ ನೋಡುವವರು, ಫಾರ್ಮ್ ಬರೆಯುವವರು, ಅನುವಾದ ಮಾಡಿಸುವವರು. ನಿಮಗೆ ನೇರ ಮಾತು. ನಾನು ನೋಡಿದ ಫಾರ್ಮಿನಲ್ಲಿ "ಸದರಿ ಅಧ್ಯಯನದಲ್ಲಿ ತಮ್ಮ ಭಾಗವಹಿಸುವಿಕೆಯು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿರತಕ್ಕದ್ದು" ಅಂತ ಇತ್ತು. "ಇಷ್ಟ ಇದ್ದರೆ ಸೇರಿ. ಬೇಡ ಅಂದರೂ ನಿಮ್ಮ ಚಿಕಿತ್ಸೆ ನಿಲ್ಲಲ್ಲ" ಅಂತ ಬರೆಯಲು ಎಷ್ಟು ಖರ್ಚಾಗುತ್ತದೆ? ಫಾರ್ಮ್ ಕಳಿಸುವ ಮೊದಲು ಊರಿಗೆ ಫೋನ್ ಮಾಡಿ ನಿಮ್ಮ ಅತ್ತೆಗೆ ಒಂದು ಪುಟ ಓದಿ ಹೇಳಿ. ಆಕೆಗೆ ಅರ್ಥವಾಗದಿದ್ದರೆ ತಪ್ಪು ಆಕೆಯದಲ್ಲ.

ಉಳಿದ ನಮಗೆ ಕೆಲಸ ಇನ್ನೂ ಸಣ್ಣದು. ಮನೆಯಲ್ಲಿ ಯಾರಿಗಾದರೂ ಟ್ರಯಲ್ ಅಂತ ಬಂದರೆ ಮೊದಲು ಸಿಟಿಆರ್‌ಐ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಅದರ ಹೆಸರು ಹುಡುಕಿ. 2009ರ ಜೂನ್‌ನಿಂದ ಅಲ್ಲಿ ನೋಂದಣಿ ಕಡ್ಡಾಯ. ಎಷ್ಟನೇ ಹಂತ, ಯಾರು ದುಡ್ಡು ಹಾಕಿದ್ದಾರೆ, ಎಲ್ಲೆಲ್ಲಿ ನಡೆಯುತ್ತಿದೆ, ಎಲ್ಲ ಇರುತ್ತದೆ. ಫಾರ್ಮನ್ನು ಮನೆಗೆ ತನ್ನಿ, ಎರಡು ದಿನ ಇಟ್ಟುಕೊಳ್ಳಿ. ಆಮೇಲೆ, ನುಂಗುವವರ ಎದುರಿಗೆ ಕೂತು, ಕಾಯಿಲೆಯ ನಿಜವಾದ ಹೆಸರು ಹೇಳಿ, ಓದಿ ಹೇಳಿ. ಅವರಿಗೆ ಬಹುಶಃ ಆಗಲೇ ಗೊತ್ತಿರುತ್ತದೆ. ನೀವು ಅಳ್ತೀರಿ ಅಂತ ಸುಮ್ಮನಿರುತ್ತಾರೆ.

ಪೆನ್ನನ್ನು ಮಾತ್ರ ಅವರ ಕೈಗೆ ಕೊಡಿ.